ಹಿಡಿದ ಮೊಲ, ಬಿಟ್ಟ ಮೊಲ

ನಮ್ಮ ಬೋಧನಾಭ್ಯಾಸದ ವೀಕ್ಷಣಾ ನಮೂನೆಯಲ್ಲಿ ‘ಪಾಠೋಪಕರಣಗಳ ಬಳಕೆ’ ಎಂಬ ಒಂದು ಸಾಲಿದೆ. ಕಳೆದ ವರ್ಷ ಜುಲೈ ತಿಂಗಳಲ್ಲಿ ಒಂದು ಪಾಠಕ್ಕೆ ಆ ಸಾಲಿನಲ್ಲಿ ನಾನು ಪೂರ್ಣ ಅಂಕ ಕೊಟ್ಟೆ. ಷರಾ ಅಂಕಣದಲ್ಲಿ ‘ಜೀವಂತ ಉಪಕರಣದ ಬಳಕೆ, ಮಕ್ಕಳ ಉತ್ಸಾಹ ಅತ್ಯುತ್ತಮ’ ಎಂದೂ ಬರೆದೆ. ಆ ಜೀವಂತ ಉಪಕರಣ ನಮ್ಮ ಮನೆಯ ಮೊಲ, ಹೆಸರು ಹೂವಿ. ನಾನು ಕೊಟ್ಟ ಅಂಕ ತಪ್ಪು ಎಂದು ಅಂದು ಸಂಜೆಯೇ ಗೊತ್ತಾಯಿತು. ಯಾಕೆ ತಪ್ಪು ಎಂದು ಅರ್ಥವಾಗಲು ಮಾತ್ರ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ಹೆದರಿದ ಮೊಲವೊಂದರ ನಂಬಿಕೆಯನ್ನು ಮರಳಿ ಪಡೆಯಲು ನಾನು ಪಟ್ಟ ಪಾಡನ್ನೂ, ಅದರಿಂದ ನಮ್ಮ ವೀಕ್ಷಣಾ ಪದ್ಧತಿಯ ಬಗ್ಗೆ ನನ್ನಲ್ಲಿ ಮೂಡಿದ ಅಭಿಪ್ರಾಯವನ್ನೂ ಸಹೋದ್ಯೋಗಿಗಳ ಮತ್ತು ಪ್ರಶಿಕ್ಷಣಾರ್ಥಿಗಳ ಮುಂದೆ ಇಡುತ್ತಿದ್ದೇನೆ.

ಅಂದಿನ ಪಾಠ

ಆರನೆಯ ತರಗತಿ, ವಿಜ್ಞಾನ. ಪಾಠದ ವಿಷಯ ಸಜೀವಿಗಳ ಲಕ್ಷಣಗಳು. ತರಗತಿಯಲ್ಲಿ 38 ಮಕ್ಕಳು, ಹಿಂದಿನ ಬೆಂಚಿನಲ್ಲಿ ಸಹಪಾಠಿ ವೀಕ್ಷಕರು ಇಬ್ಬರು, ಬಾಗಿಲ ಬಳಿಯ ಕುರ್ಚಿಯಲ್ಲಿ ನಾನು. ಪಾಠ ಮಾಡುತ್ತಿದ್ದ ವಿದ್ಯಾರ್ಥಿನಿ ಬೆತ್ತದ ಬುಟ್ಟಿಯ ಮುಚ್ಚಳ ತೆಗೆದು ಹೂವಿಯನ್ನು ಮೇಜಿನ ಮೇಲೆ ಬಿಟ್ಟಾಗ ಇಡೀ ತರಗತಿ ‘ಹೋ’ ಎಂದಿತು. ಪಾಠಯೋಜನೆಯಂತೆ ಮೊಲ ಸಾಲಿನಿಂದ ಸಾಲಿಗೆ, ಕೈಯಿಂದ ಕೈಗೆ ಹೋಯಿತು. ಒಬ್ಬ ಹುಡುಗ ಅದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿದ. ಹೂವಿ ನಾಲ್ಕೂ ಕಾಲು ಮೇಲೆ ಮಾಡಿಕೊಂಡು ಅಲುಗಾಡದೆ ಬಿದ್ದುಕೊಂಡಿತು. ‘ಮಿಸ್, ನಿದ್ದೆ ಮಾಡ್ತಿದೆ!’ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಪ್ಪುಹಲಗೆಯ ಮೇಲೆ ಆಕೆ ‘ಮೊಲ ಸಾಧು ಪ್ರಾಣಿ’ ಎಂದು ಬರೆದಳು. ಅದರ ಕೆಳಗೆ ಆ ದಿನದ ಮುಖ್ಯಾಂಶ: ‘ಸಜೀವಿಗಳು ಪ್ರಚೋದನೆಗೆ ಪ್ರತಿಕ್ರಿಯಿಸುತ್ತವೆ.’

ಮೊಲ ನಿದ್ದೆ ಮಾಡುತ್ತಿರಲಿಲ್ಲ. ಬೇಟೆಗೆ ಗುರಿಯಾಗುವ ಪ್ರಾಣಿಗಳಲ್ಲಿ ಹಲವು, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲವೆನಿಸಿದಾಗ ಸತ್ತಂತೆ ನಿಶ್ಚಲವಾಗುತ್ತವೆ. ಮೊಲವನ್ನು ಬೆನ್ನ ಮೇಲೆ ಮಲಗಿಸಿದರೆ ಆಗುವುದು ಇದೇ. ನೋಡುವವರಿಗೆ ಅದು ನೆಮ್ಮದಿಯಂತೆ ಕಾಣುತ್ತದೆ. ಒಳಗೆ ಎದೆ ಹೊಡೆದುಕೊಳ್ಳುತ್ತಿರುತ್ತದೆ. ಪ್ರಚೋದನೆಗೆ ಪ್ರತಿಕ್ರಿಯೆ ಎಂದರೇನು ಎಂಬುದು ನಮ್ಮೆಲ್ಲರ ಕಣ್ಣ ಮುಂದೆಯೇ ಇತ್ತು. ಅದನ್ನು ಓದಲು ಆ ಕೋಣೆಯಲ್ಲಿ ಒಬ್ಬರಿಗೂ ಬರಲಿಲ್ಲ. ಮಕ್ಕಳಿಗೆ ಬರಲಿಲ್ಲ, ಆಕೆಗೆ ಬರಲಿಲ್ಲ. ನಾಲ್ಕು ವರ್ಷ ಆ ಮೊಲವನ್ನು ಸಾಕಿದ್ದ ನನಗೂ ಬರಲಿಲ್ಲ.

ಅಂದು ಸಂಜೆ ಮನೆಯಲ್ಲಿ ಬುಟ್ಟಿ ತೆರೆದ ಕೂಡಲೇ ಹೂವಿ ಮಂಚದ ಕೆಳಗಿನ ಮೂಲೆಗೆ ನುಗ್ಗಿತು. ಪ್ರತಿ ಸಂಜೆ ನನ್ನ ಕಾಲ ಬಳಿ ಬಂದು ಗಲ್ಲ ಉಜ್ಜುತ್ತಿದ್ದ ಪ್ರಾಣಿ ಅದು. ಕೈ ಚಾಚಿದರೆ ಹಿಂಗಾಲಿನಿಂದ ನೆಲ ಬಡಿಯಿತು. ರಾತ್ರಿ ಹುಲ್ಲು ಮುಟ್ಟಲಿಲ್ಲ.

ಮೊದಲು ವೈದ್ಯರು

ಇಲ್ಲಿ ಮೊಲ ಸಾಕುವವರಿಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಮೊಲ ದಿಢೀರನೆ ಹೆದರತೊಡಗಿದರೆ ಅಥವಾ ಸಿಡುಕತೊಡಗಿದರೆ ಅದನ್ನು ಸ್ವಭಾವದ ಬದಲಾವಣೆ ಎಂದು ಸುಮ್ಮನಾಗಬಾರದು, ನೋವು ಇರಬಹುದು. ಮೊಲದ ಎಲುಬು ಹಗುರ, ಹಿಂಗಾಲಿನ ಸ್ನಾಯು ಬಲವಾದದ್ದು. ಹಿಂಭಾಗಕ್ಕೆ ಆಸರೆ ಕೊಡದೆ ಎತ್ತಿದಾಗ ಜೋರಾಗಿ ಒದ್ದುಕೊಂಡರೆ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳಬಲ್ಲದು. ಅದರ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ. ಸರಿಯಾಗಿ ಸವೆಯದಿದ್ದರೆ ಬಾಯಲ್ಲಿ ಗಾಯವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಹೊಟ್ಟೆಗೆ ಆಹಾರ ಹೋಗುತ್ತಲೇ ಇರಬೇಕು. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಕರುಳಿನ ಚಲನೆ ನಿಂತು ಜೀವಕ್ಕೇ ಅಪಾಯವಾದೀತು. ಬರಿಯ ಹೆದರಿಕೆಯಿಂದಲೂ ಹೀಗಾಗುತ್ತದೆ.

ಬೆಳಗಾಗುತ್ತಲೇ ಪಶು ಆಸ್ಪತ್ರೆಗೆ ಒಯ್ದೆ. ಬೆನ್ನು, ಹಲ್ಲು, ಹೊಟ್ಟೆ ಪರೀಕ್ಷಿಸಿದ ವೈದ್ಯರು ಪೆಟ್ಟೇನೂ ಆಗಿಲ್ಲ ಎಂದರು. ಕರುಳಿಗೆ ಔಷಧ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಎರಡು ಎಳೆ ಗರಿಕೆ ತಿಂದಿತು. ದೇಹ ಉಳಿಯಿತು, ನಂಬಿಕೆ ಉಳಿಯಲಿಲ್ಲ.

ಪೀಟರ್ ಮತ್ತು ಮೊಲ

ನಮ್ಮ ಶೈಕ್ಷಣಿಕ ಮನೋವಿಜ್ಞಾನದ ತರಗತಿಯಲ್ಲಿ ಅನುಬಂಧಿತ ಕಲಿಕೆ ಬಂದಾಗ ಪಾವ್ಲೋವ್‌ನ ನಾಯಿಯನ್ನು ಹೇಳುತ್ತೇವೆ. ಹಿಂದೆಯೇ 1920ರಲ್ಲಿ ವಾಟ್ಸನ್ ಮತ್ತು ರೇನರ್ ಪುಟ್ಟ ಆಲ್ಬರ್ಟ್‌ನಿಗೆ ಬಿಳಿ ಇಲಿಯ ಭಯ ಹುಟ್ಟಿಸಿದ್ದು, ಆ ಭಯ ಮೊಲಕ್ಕೂ ಹರಡಿದ್ದು ಬರುತ್ತದೆ. ನಮಗೆ ಇದನ್ನು ಕಲಿಸಲು ಆಲ್ಬರ್ಟ್‌ನ ಅಗತ್ಯವೂ ಇಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತು. ಮೊದಲ ದಿನ ಸುಡುವ ಹಾಲಿಗೆ ಬಾಯಿಟ್ಟ ಬೆಕ್ಕು ಮುಂದೆ ಹಾಲಿನ ಬಟ್ಟಲು ಕಂಡರೆ ಸಾಕು, ಓಡುತ್ತಿತ್ತು. ಹೂವಿಗೆ ಆದದ್ದೂ ಅದೇ. ಬುಟ್ಟಿ, ಕೈ, ಮೇಲಿನಿಂದ ಬಾಗುವ ಮುಖ ಇವೆಲ್ಲ ಸುಡುವ ಹಾಲಾಗಿದ್ದವು.

ಭಯ ಹುಟ್ಟಿಸಿದ ಆಲ್ಬರ್ಟ್‌ನ ಕಥೆಗೆ ನಾವು ಕೊಡುವಷ್ಟು ಸಮಯವನ್ನು ಭಯ ಕಳೆದ ಕಥೆಗೆ ಕೊಡುವುದಿಲ್ಲ. ಅಮೆರಿಕದ ಮೇರಿ ಕವರ್ ಜೋನ್ಸ್ 1924ರಲ್ಲಿ ಪ್ರಕಟಿಸಿದ ಪೀಟರ್ ಎಂಬ ಮಗುವಿನ ಅಧ್ಯಯನ ಅದು. ಇನ್ನೂ ಮೂರು ತುಂಬದ ಪೀಟರ್‌ಗೆ ಮೊಲವೆಂದರೆ ಭಯ. ಮೊಲಕ್ಕೆ ಹೆದರದ ಮಕ್ಕಳ ಜೊತೆ ಅವನನ್ನು ಆಡಲು ಬಿಟ್ಟಾಗ ಭಯ ಸ್ವಲ್ಪ ಇಳಿಯಿತು. ಅಷ್ಟರಲ್ಲಿ ಮಗು ಕಾಯಿಲೆ ಬಿದ್ದು ಸುಮಾರು ಎರಡು ತಿಂಗಳು ಆಸ್ಪತ್ರೆಯಲ್ಲಿತ್ತು. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆ ಬಂದು ಹೆದರಿಸಿತು. ಕಳೆದಿದ್ದ ಭಯವೆಲ್ಲ ಮರಳಿತು. ಜೋನ್ಸ್ ಮತ್ತೆ ಮೊದಲಿನಿಂದ ಆರಂಭಿಸಿದರು. ಪೀಟರ್ ತನಗೆ ಇಷ್ಟವಾದುದನ್ನು ತಿನ್ನುತ್ತಿರುವಾಗ, ಅವನ ಊಟಕ್ಕೆ ಅಡ್ಡಿಯಾಗದಷ್ಟು ದೂರದಲ್ಲಿ ಮೊಲವನ್ನು ಪಂಜರದಲ್ಲಿಟ್ಟು, ಕ್ರಮೇಣ ಹತ್ತಿರ ತಂದರು. ಅವನ ಪ್ರಗತಿಯನ್ನು ಹದಿನೇಳು ಮೆಟ್ಟಿಲುಗಳಲ್ಲಿ ಗುರುತಿಸಿದರು. ಮೊದಲನೆಯದು, ಕೋಣೆಯ ಯಾವ ಮೂಲೆಯಲ್ಲಿ ಮೊಲವಿದ್ದರೂ ಭಯ. ಕೊನೆಯದು, ಮೊಲ ತನ್ನ ಬೆರಳನ್ನು ಮೆಲ್ಲನೆ ಕಚ್ಚಲು ಪೀಟರ್ ಬಿಡುವುದು. ಈ ವಿಧಾನವನ್ನು ನಾಜೂಕಾಗಿ ನಡೆಸಬೇಕೆಂದೂ ಅವರು ಎಚ್ಚರಿಸಿದ್ದರು. ಅವಸರಪಟ್ಟು ಹೆದರಿಕೆಯ ವಸ್ತುವನ್ನು ಹತ್ತಿರ ತಂದರೆ ಭಯ ಕಳೆಯುವ ಬದಲು ಊಟಕ್ಕೇ ಅಂಟಿಕೊಳ್ಳಬಹುದು.

ನಾನು ಇದನ್ನು ಹಲವು ವರ್ಷ ಪಾಠ ಮಾಡಿದ್ದೇನೆ. ಆ ಕಥೆಯಲ್ಲಿ ಮೊಲ ಬರೀ ಪ್ರಚೋದಕ. ನಮ್ಮ ಮನೆಯಲ್ಲಿ ಪೀಟರ್‌ನ ಜಾಗದಲ್ಲಿ ಮೊಲವಿತ್ತು, ಪಂಜರದ ಮೊಲದ ಜಾಗದಲ್ಲಿ ನಾನಿದ್ದೆ. ನಾನೇ ಆ ಭಯದ ವಸ್ತು ಎಂದು ಒಪ್ಪಿಕೊಳ್ಳುವುದು ಮೊದಲ ಮೆಟ್ಟಿಲಾಯಿತು.

ನೆಲದ ಮೇಲೆ ಕೂತ ದಿನಗಳು

ಮೊದಲ ವಾರ ನಾನು ಮಾಡಿದ್ದೆಲ್ಲ ಮಾಡದೆ ಇರುವ ಕೆಲಸಗಳು. ಹಿಡಿಯಲಿಲ್ಲ, ಎತ್ತಲಿಲ್ಲ, ಮಂಚದ ಕೆಳಗಿಂದ ಹೊರಗೆಳೆಯಲಿಲ್ಲ. ಒಂದು ರಟ್ಟಿನ ಪೆಟ್ಟಿಗೆಗೆ ಎರಡು ಬಾಗಿಲು ಕೊರೆದು ಮೂಲೆಯಲ್ಲಿಟ್ಟೆ. ಒಂದೇ ಬಾಗಿಲಿದ್ದರೆ ಅಡಗಿ ಕೂರುವ ಜಾಗವೇ ಸಿಕ್ಕಿಬೀಳುವ ಜಾಗವಾಗುತ್ತದೆ; ಎರಡಿದ್ದರೆ ಒಂದರಿಂದ ಯಾರಾದರೂ ಬಂದರೂ ಇನ್ನೊಂದರಿಂದ ಹೊರಟುಹೋಗಬಹುದು. ಆ ಪೆಟ್ಟಿಗೆಯೊಳಗೆ ಯಾರೂ ಕೈ ಹಾಕಬಾರದು ಎಂದು ಮನೆಯವರಿಗೆಲ್ಲ ಹೇಳಿದೆ.

ಮೊಲ ಮುಂಜಾನೆ ಮತ್ತು ಮುಸ್ಸಂಜೆ ಹೆಚ್ಚು ಚುರುಕು. ಆದ್ದರಿಂದ ಬೆಳಿಗ್ಗೆ ಆರಕ್ಕೆ, ಸಂಜೆ ಆರೂವರೆಗೆ, ದಿನವೂ ಅದೇ ಹೊತ್ತಿಗೆ ಆ ಕೋಣೆಗೆ ಹೋಗುತ್ತಿದ್ದೆ. ಬಾಗಿಲಲ್ಲೇ ‘ಹೂವೀ, ಬಂದೆ’ ಎನ್ನುತ್ತಿದ್ದೆ. ಒಳಗೆ ಬಂದು ನೆಲದ ಮೇಲೆ, ಅದಕ್ಕೆ ಓರೆಯಾಗಿ ಕೂತು ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳನ್ನು ತಿದ್ದುತ್ತಿದ್ದೆ. ಓರೆಯಾಗಿ ಏಕೆಂದರೆ, ನೆಟ್ಟ ನೋಟ ಬೇಟೆಗಾರನ ನೋಟ. ಮೊಲದ ಕಣ್ಣು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಮುತ್ತ, ಮೇಲೆ ಎಲ್ಲ ಕಾಣುತ್ತದೆ. ಮೂಗಿನ ಎದುರಿಗೇ ಇರುವುದು ಕಾಣುವುದಿಲ್ಲ. ಮೇಲಿಂದ ಇಳಿಯುವ ಕೈ ಅದಕ್ಕೆ ಗಿಡುಗ. ಮೂಗಿನ ಮುಂದೆ ದಿಢೀರನೆ ಬರುವ ಬೆರಳು ಎಲ್ಲಿಂದಲೋ ಬಂದ ಬೆರಳು. ಪಕ್ಕದಿಂದ, ನೆಲದ ಮಟ್ಟದಲ್ಲಿ, ನಿಧಾನವಾಗಿ ಬಂದ ಕೈ ಮಾತ್ರ ಅದಕ್ಕೆ ಅರ್ಥವಾಗುವ ಕೈ.

ಒಂದು ಕೊತ್ತಂಬರಿ ಕಡ್ಡಿಯನ್ನು ನನ್ನಿಂದ ಆರೇಳು ಅಡಿ ದೂರದಲ್ಲಿ ಇಡುತ್ತಿದ್ದೆ. ನಾನು ಕೋಣೆಯಲ್ಲಿರುವಾಗಲೇ ಅದನ್ನು ತಿಂದದ್ದು ಐದನೆಯ ದಿನ. ಆ ದೂರದಲ್ಲಿ ಎರಡು ದಿನ ನಿರಾಳವಾಗಿ ತಿಂದರೆ ಮಾತ್ರ ಮುಂದಿನ ದಿನ ಒಂದು ಗೇಣು ಹತ್ತಿರ. ತಿನ್ನುತ್ತಾ ಕಿವಿ ನೆಟ್ಟಗಾದರೆ, ಮೂಗಿನ ಅದುರುವಿಕೆ ನಿಂತರೆ, ಆ ದೂರ ಹೆಚ್ಚಾಯಿತು ಎಂದು ಹಿಂದೆ ಸರಿಯುತ್ತಿದ್ದೆ.

ಹದಿನಾಲ್ಕನೆಯ ದಿನ ಅದು ನನ್ನ ಕೈಯಿಂದಲೇ ಕಡ್ಡಿ ತೆಗೆದುಕೊಂಡಿತು. ಅಂದು ನಾನು ಮಾಡಿದ ತಪ್ಪನ್ನು ಮುಚ್ಚಿಡಬಾರದು. ಇಷ್ಟು ಹತ್ತಿರ ಬಂದಿದೆ, ಇನ್ನೇನು ಎಂದುಕೊಂಡು ಇನ್ನೊಂದು ಕೈಯಿಂದ ಅದನ್ನು ಬಳಸಿ ಮಡಿಲಿಗೆ ಎಳೆದುಕೊಂಡೆ. ಹೂವಿ ಕಲ್ಲಾಯಿತು. ಬಿಟ್ಟಕೂಡಲೇ ಪೆಟ್ಟಿಗೆ ಸೇರಿ ನೆಲ ಬಡಿಯಿತು. ಮುಂದಿನ ಮೂರು ದಿನ ಕೊತ್ತಂಬರಿ ಕಂಡರೂ ಹಿಂದೆ ಸರಿಯಿತು. ಜೋನ್ಸ್ ಎಚ್ಚರಿಸಿದ್ದು ಇದನ್ನೇ. ಭಯ ಈಗ ಸೊಪ್ಪಿಗೂ ಅಂಟಿಕೊಂಡಿತ್ತು. ನಮ್ಮಲ್ಲಿ ಹಟವಾದಿಗೆ ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎನ್ನುತ್ತಾರೆ. ಆ ಗಾದೆಯ ಇನ್ನೊಂದು ಅರ್ಥ ಅಂದು ಹೊಳೆಯಿತು. ಹಿಡಿದುಕೊಂಡಿರುವವರೆಗೆ ಮೊಲದ ಕಾಲು ಸರಿಯಾಗಿ ಎಣಿಸಲಾಗುವುದಿಲ್ಲ. ಬಿಟ್ಟರೆ ಮಾತ್ರ ಅದು ನಿಲ್ಲುತ್ತದೋ ಓಡುತ್ತದೋ ತಿಳಿಯುತ್ತದೆ.

ಮತ್ತೆ ಆರೇಳು ಅಡಿಯಿಂದ ಆರಂಭ. ಈ ಸಲ ಒಂದು ನಿಯಮ ಹಾಕಿಕೊಂಡೆ: ಹತ್ತಿರ ಬರುವುದು ಅದರ ಕೆಲಸ, ಹೋಗಲು ಬಿಡುವುದು ನನ್ನ ಕೆಲಸ. ಐದನೆಯ ವಾರ ಅದು ಮೂಗಿನಿಂದ ನನ್ನ ಮಂಡಿ ಮುಟ್ಟಿತು, ನಾನು ಅಲುಗಾಡಲಿಲ್ಲ. ಏಳನೆಯ ವಾರ ಹಣೆಯ ಮೇಲೆ, ಕಣ್ಣಿನ ಹಿಂದೆ ಎರಡೇ ಸಲ ಸವರಿ ಕೈ ತೆಗೆದೆ. ಕೈ ತೆಗೆದ ಮೇಲೆ ಏನು ಮಾಡುತ್ತದೆ ಎಂಬುದೇ ಪರೀಕ್ಷೆ. ತಲೆ ತಗ್ಗಿಸಿ ಅಲ್ಲೇ ಕೂತರೆ ‘ಇನ್ನೂ ಬೇಕು’ ಎಂದರ್ಥ. ಸರಿದು ಹೋದರೆ ‘ಸಾಕು’. ಅಂದು ಕೂತಿತು, ಹಲ್ಲನ್ನು ಮೆಲ್ಲಗೆ ಕಟಕಟ ಎನಿಸಿತು. ಅದು ನೆಮ್ಮದಿಯ ಸದ್ದು. ನೋವಿನಲ್ಲಿ ಹಲ್ಲು ಕಡಿಯುವುದೇ ಬೇರೆ. ಆಗ ಸದ್ದು ಜೋರು, ಮೈ ಮುದುಡಿರುತ್ತದೆ. ಮೂರನೆಯ ತಿಂಗಳು ಒಂದು ಸಂಜೆ ಕೋಣೆಯ ನಡುವೆ ಗಾಳಿಯಲ್ಲೇ ಮೈ ತಿರುಚಿ ನೆಗೆಯಿತು, ಆಮೇಲೆ ಧೊಪ್ಪನೆ ಪಕ್ಕಕ್ಕೆ ಉರುಳಿ ಮಲಗಿತು. ಮೊಲ ತಾನಾಗಿ ಹೀಗೆ ಮಲಗುವುದಕ್ಕೂ ತೊಡೆಯ ಮೇಲೆ ಅಂಗಾತ ಬಿದ್ದಿದ್ದಕ್ಕೂ ಇರುವ ಅಂತರವನ್ನು ಪಾಠ ಮಾಡುವುದಾದರೆ, ಸಜೀವಿಗಳ ಲಕ್ಷಣ ಅದಕ್ಕಿಂತ ಚೆನ್ನಾಗಿ ಇನ್ನೆಲ್ಲೂ ಸಿಗದು.

ಬುಟ್ಟಿ ಕಂಡರೆ ಈಗಲೂ ಓಡುತ್ತದೆ. ಎತ್ತಲು ಹೋದರೆ ಈಗಲೂ ಒಪ್ಪುವುದಿಲ್ಲ. ಆಸ್ಪತ್ರೆಗೆ ಹೋಗುವ ದಿನ ಬಿಟ್ಟರೆ ನಾನೂ ಎತ್ತುವುದಿಲ್ಲ. ಆಗಲೂ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ.

ಬುಟ್ಟಿ ತಂದವಳ ಭಯ

ಈ ಕಥೆಯ ಇನ್ನೊಂದು ಅರ್ಧ ನನಗೆ ತಿಳಿದದ್ದು ತಡವಾಗಿ. ಪಾಠ ಮಾಡಿದ ವಿದ್ಯಾರ್ಥಿನಿ ವಾರ ಕಳೆದ ಮೇಲೆ ಮೊಲ ಹೇಗಿದೆ ಎಂದು ವಿಚಾರಿಸಿದಳು. ಇದ್ದದ್ದನ್ನು ಹೇಳಿದೆ. ‘ನನ್ನಿಂದಲೇ ಅಲ್ವಾ ಮೇಡಂ?’ ಎಂದಳು. ‘ಪಾಠಯೋಜನೆಗೆ ಸಹಿ ಹಾಕಿದವಳು ನಾನಮ್ಮಾ’ ಎಂದೆ. ಶನಿವಾರಗಳಂದು ಬಂದು ನನ್ನ ಜೊತೆ ನೆಲದ ಮೇಲೆ ಕೂರಲೇ ಎಂದು ಕೇಳಿದಳು. ಬುಟ್ಟಿ ಹೊತ್ತವಳು ಆಕೆಯಾದ್ದರಿಂದ ಹೂವಿಗೆ ನನಗಿಂತ ಆಕೆಯ ಭಯವೇ ಹೆಚ್ಚು. ಆಕೆ ಬಾಗಿಲ ಪಕ್ಕದಲ್ಲೇ ಕೂತು ತನ್ನ ಪಾಡಿಗೆ ಚಾರ್ಟ್ ಬರೆಯುತ್ತಿದ್ದಳು.

ನಾಲ್ಕನೆಯ ಶನಿವಾರವಿರಬೇಕು. ಹೂವಿ ಪೆಟ್ಟಿಗೆಯಿಂದ ಅರ್ಧ ಹೊರಬಂದು ನಿಂತಿತ್ತು. ನಾನು ಕುಳಿತಲ್ಲಿ ಸ್ವಲ್ಪ ಸರಿದೆ, ಅದು ಒಳಗೆ ಓಡಿತು. ಆಕೆ ತಲೆಯೆತ್ತದೆ ಹೇಳಿದಳು: ‘ಕ್ಲಾಸಲ್ಲಿ ಹಿಂದೆ ನಿಮ್ಮ ಕುರ್ಚಿ ಸದ್ದಾದ್ರೆ ನಂಗೂ ಹೀಗೇ ಆಗುತ್ತೆ ಮೇಡಂ. ಗಂಟಲು ಒಣಗಿಹೋಗುತ್ತೆ.’

ಆಮೇಲೆ ಉಳಿದದ್ದೂ ಬಂತು. ಮೊಲದ ಪಾಠಕ್ಕೆ ಎರಡು ವಾರ ಮೊದಲು ಆಕೆ ತನ್ನ ಮೊದಲ ಪಾಠ ಮಾಡಿದ್ದಳು. ಹಿಮ್ಮಾಹಿತಿ ಸಭೆಯಲ್ಲಿ ಹನ್ನೊಂದು ಸಹಪಾಠಿಗಳ ಎದುರು ನಾನು ‘ಇದು ಮಕ್ಕಳಿಗೆ ಜೋಗುಳ ಹಾಡುವ ಪಾಠ’ ಎಂದಿದ್ದೆ. ಎಲ್ಲರೂ ನಕ್ಕಿದ್ದರು, ಆಕೆಯೂ ನಕ್ಕಿದ್ದಳು. ನನಗೆ ಆ ಮಾತು ನೆನಪಿರಲಿಲ್ಲ. ಆಕೆಗೆ ಪದಪದವೂ ನೆನಪಿತ್ತು. ಎರಡನೆಯ ಪಾಠದಲ್ಲಿ ಏನಾದರೂ ಮಾಡಿ ಮಕ್ಕಳು ಗಲಗಲ ಎನ್ನುವಂತೆ ಮಾಡಲೇಬೇಕು ಎಂದುಕೊಂಡಿದ್ದಳು. ಆಗಲೇ ನಮ್ಮ ಮನೆಗೆ ಪಾಠಯೋಜನೆ ತೋರಿಸಲು ಬಂದವಳು ಮೊಲವನ್ನು ಕಂಡದ್ದು.

ಹೀಗೆ ಭಯ ಇಳಿದು ಬಂದ ದಾರಿ ಕಾಣಿಸಿತು. ನನ್ನ ಮಾತಿನಿಂದ ಆಕೆಗೆ, ಆಕೆಯಿಂದ ಪಾಠಯೋಜನೆಗೆ, ಅಲ್ಲಿಂದ ಬುಟ್ಟಿಯೊಳಗಿನ ಜೀವಕ್ಕೆ. ಪ್ರತಿ ಮೆಟ್ಟಿಲಲ್ಲೂ ಹೊರಗೆ ಕಂಡದ್ದು ನಗು, ಚಪ್ಪಾಳೆ ಮತ್ತು ಪೂರ್ಣ ಅಂಕ.

ನನ್ನ ಅಭಿಪ್ರಾಯ

ನಾನು ಹೇಳಬೇಕೆಂದಿರುವುದು ಇಷ್ಟೇ. ಬೋಧನಾಭ್ಯಾಸದಲ್ಲಿ ನಾವು ನಿಶ್ಚಲತೆಯನ್ನು ಒಪ್ಪಿಗೆ ಎಂದು ಓದುತ್ತೇವೆ. ಗದ್ದಲವಿಲ್ಲದ ತರಗತಿಗೆ ‘ತರಗತಿ ನಿರ್ವಹಣೆ’ಯಲ್ಲಿ ಅಂಕ ಕೊಡುತ್ತೇವೆ. ಹಿಮ್ಮಾಹಿತಿಗೆ ತಲೆಯಾಡಿಸುವ ಪ್ರಶಿಕ್ಷಣಾರ್ಥಿಗೆ ‘ಸಲಹೆಗಳನ್ನು ಸ್ವೀಕರಿಸುತ್ತಾರೆ’ ಎಂದು ಬರೆಯುತ್ತೇವೆ. ಅಂಗಾತ ಮಲಗಿದ ಮೊಲವೂ ಅಲುಗಾಡಲಿಲ್ಲ. ಒಬ್ಬರು ನಮ್ಮನ್ನು ನಂಬಿದ್ದಾರೆಯೇ ಎಂದು ತಿಳಿಯುವುದು ಅವರಿಗೆ ಹೊರಟುಹೋಗುವ ದಾರಿ ಇದ್ದಾಗ ಮಾತ್ರ. ದಾರಿ ಇಟ್ಟು, ಕಾದು, ಅವರೇ ಬರುತ್ತಾರೆಯೇ ನೋಡಬೇಕು. ಒಮ್ಮೆ ಕಳೆದ ನಂಬಿಕೆಯನ್ನು ಮರಳಿ ಕಟ್ಟಲು ಇರುವುದು ಅದೊಂದೇ ದಾರಿ.

ಆಕ್ಷೇಪಗಳು ನನಗೂ ಗೊತ್ತು. ಮನುಷ್ಯರು ಮೊಲಗಳಲ್ಲ ಎನ್ನಬಹುದು. ನಿಜ. ಮೊಲಕ್ಕೆ ಕ್ಷಮೆ ಕೇಳಲಾಗುವುದಿಲ್ಲ, ಮನುಷ್ಯರಿಗೆ ಕೇಳಬಹುದು. ನಾನು ಆ ಹನ್ನೊಂದು ಮಂದಿಯ ಎದುರೇ ಆಕೆಯ ಕ್ಷಮೆ ಕೇಳಿದೆ. ಆದರೆ ಅದರ ಮಾರನೆಯ ದಿನವೇ ಆಕೆಯ ಗಂಟಲು ಒಣಗುವುದು ನಿಲ್ಲಲಿಲ್ಲ. ಕ್ಷಮೆ ಬಾಗಿಲು ತೆರೆಯುತ್ತದೆ. ದಿನವೂ ಅದೇ ಹೊತ್ತಿಗೆ ಬಂದು ಸುಮ್ಮನೆ ಕೂರುವ ಕೆಲಸವನ್ನು ಅದು ಮಾಡಿಕೊಡುವುದಿಲ್ಲ.

ಸ್ವಲ್ಪ ಭಯವಿದ್ದರೆ ಕಲಿಯುತ್ತಾರೆ ಎಂದು ಕೆಲವು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಭಯದಿಂದ ಕಲಿಯುತ್ತಾರೆ ಎಂಬುದೂ ನಿಜವೇ. ಹೂವಿ ಒಂದೇ ಅವಧಿಯಲ್ಲಿ ಕಲಿಯಿತು. ಕಲಿತದ್ದು ಕೈಗೆ ಹೆದರುವುದನ್ನು. ಶಿಕ್ಷಣ ಹಕ್ಕು ಕಾಯ್ದೆ 2009ರ ಹದಿನೇಳನೆಯ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂದು ನಾವು ಪ್ರಶಿಕ್ಷಣಾರ್ಥಿಗಳಿಗೆ ಪಾಠ ಮಾಡುತ್ತೇವೆ. ಪಾಠ ಮಾಡುವ ರೀತಿಯಲ್ಲೇ ಅವರನ್ನು ಹೆದರಿಸಿದರೆ ಅವರು ತರಗತಿಗೆ ಒಯ್ಯುವುದು ಕಲಂ ಅನ್ನೋ, ನಮ್ಮ ರೀತಿಯನ್ನೋ?

ಸಮಯವೆಲ್ಲಿ ಎಂಬುದು ಮೂರನೆಯ ಆಕ್ಷೇಪ. ಬಿ.ಇಡಿ. ಎರಡು ವರ್ಷದ್ದಾದ ಮೇಲೆ ಶಾಲಾ ಇಂಟರ್ನ್‌ಶಿಪ್‌ಗೆ ಒಟ್ಟು 20 ವಾರ ಸಿಕ್ಕಿದೆ: ಮೊದಲ ವರ್ಷ 4, ಎರಡನೆಯ ವರ್ಷ 16. ಹೂವಿಗೆ ಹಿಡಿದದ್ದು ಹೆಚ್ಚೆಂದರೆ 13 ವಾರ. ಅಂದರೆ ಸಮಯವಿದೆ. ಆ ಸಮಯವನ್ನು ನಾವು ದಿಢೀರ್ ಭೇಟಿಗಳಿಗೂ ಅಂಕಪಟ್ಟಿಗೂ ಹಂಚಿಬಿಟ್ಟಿದ್ದೇವೆ.

ಆದ್ದರಿಂದ ನಾಲ್ಕು ಸಲಹೆಗಳು.

ಒಂದು, ಪ್ರಾಣಿಗಳನ್ನು ಕೈಯಿಂದ ಕೈಗೆ ಸಾಗಿಸುವ ಪಾಠಯೋಜನೆಗೆ ನಾವು ಸಹಿ ಹಾಕಬಾರದು. ಮೊಲ ಬೇಕಿದ್ದರೆ ಮಕ್ಕಳು ನಾಲ್ಕೈದು ಮಂದಿಯಂತೆ ಮೊಲವಿರುವಲ್ಲಿಗೆ ಹೋಗಲಿ, ದೂರ ಕೂತು ನೋಡಲಿ, ಕಂಡದ್ದನ್ನು ಬರೆಯಲಿ. ಕಿವಿ ಯಾವಾಗ ತಿರುಗಿತು, ಯಾವಾಗ ತಿನ್ನುವುದು ನಿಲ್ಲಿಸಿತು ಎಂದು ಹದಿನೈದು ನಿಮಿಷ ಗಮನಿಸಿದ ಮಗು ಪ್ರಚೋದನೆ ಪ್ರತಿಕ್ರಿಯೆಗಳ ಪಾಠವನ್ನು ತಾನೇ ಮಾಡಿಕೊಂಡಿರುತ್ತದೆ. ಜೊತೆಗೆ ನಮ್ಮ ಚಾರ್ಟುಗಳನ್ನೂ ತಿದ್ದಬೇಕು. ಮೊಲದ ಮುಖ್ಯ ಆಹಾರ ಹುಲ್ಲು. ಕ್ಯಾರೆಟ್ ಸಿಹಿತಿಂಡಿಯಂತೆ, ಅಪರೂಪಕ್ಕೆ ಒಂದು ಚೂರು. ಮೊಲವನ್ನು ಕಿವಿ ಹಿಡಿದು ಎತ್ತುವ ಚಿತ್ರ ಯಾವ ಚಾರ್ಟಿನಲ್ಲೂ ಇರಬಾರದು. ಹೊಲದಲ್ಲಿ ಸಿಕ್ಕಿತೆಂದು ಕಾಡುಮೊಲದ ಮರಿಯನ್ನು ತರಗತಿಗೆ ತರುವ ಉತ್ಸಾಹವೂ ಬೇಡ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ.

ಎರಡು, ವೀಕ್ಷಕರ ಮೊದಲ ಎರಡು ಭೇಟಿಗಳಿಗೆ ಅಂಕವಿರಬಾರದು. ಯಾವ ದಿನ, ಯಾವ ಅವಧಿ ಎಂದು ಮೊದಲೇ ತಿಳಿಸಿ, ತರಗತಿಗೆ ಮೊದಲೇ ಬಂದು ಕೂತು, ಪೆನ್ನು ತೆಗೆಯದೆ ನೋಡಿ ಬರಬೇಕು. ಅಂಕವಿರುವ ಪಾಠಗಳಲ್ಲಿ ಒಂದನ್ನಾದರೂ ಪ್ರಶಿಕ್ಷಣಾರ್ಥಿಯೇ ಆರಿಸಿಕೊಳ್ಳಲಿ.

ಮೂರು, ಹಿಮ್ಮಾಹಿತಿ ಮೊದಲು ಒಬ್ಬರಿಗೊಬ್ಬರೇ ಕೂತು. ಎಲ್ಲರ ಎದುರು ಯಾವುದನ್ನು ಚರ್ಚಿಸಬಹುದು ಎಂದು ಪಾಠ ಮಾಡಿದವರು ಹೇಳಲಿ. ಎರಡು ಮಾತು ಹೇಳಿ ನಿಲ್ಲಿಸಿ, ‘ಇನ್ನೂ ಬೇಕೆ?’ ಎಂದು ಕೇಳುವ ಅಭ್ಯಾಸ ನಮಗೆ ಬರಲಿ. ‘ಇಂದಿಗೆ ಸಾಕು’ ಎನ್ನುವ ಹಕ್ಕು ಅವರಿಗಿರಲಿ.

ನಾಲ್ಕು, ವೀಕ್ಷಣಾ ನಮೂನೆಯಲ್ಲಿ ‘ತರಗತಿ ನಿರ್ವಹಣೆ’ಯ ಕೆಳಗೆ ಒಂದು ಪ್ರಶ್ನೆ ಸೇರಲಿ: ಯಾರೂ ಕರೆಯದೆ ತಾವಾಗಿ ಪ್ರಶ್ನೆ ಕೇಳಿದ ಅಥವಾ ‘ಗೊತ್ತಾಗಲಿಲ್ಲ’ ಎಂದ ಮಕ್ಕಳು ಎಷ್ಟು? ಅಂಥ ಮಗು ಒಂದೂ ಇಲ್ಲದ ನಿಶ್ಶಬ್ದ ತರಗತಿಗೆ ಪೂರ್ಣ ಅಂಕ ಕೊಡುವ ಮೊದಲು ವೀಕ್ಷಕರು ಎರಡು ಸಲ ಯೋಚಿಸುವಂತಾಗಲಿ.

ಆ ವಿದ್ಯಾರ್ಥಿನಿ ಈಗ ಎರಡನೆಯ ವರ್ಷದಲ್ಲಿದ್ದಾಳೆ, ಹದಿನಾರು ವಾರದ ಇಂಟರ್ನ್‌ಶಿಪ್ ನಡೆಯುತ್ತಿದೆ. ಕಳೆದ ತಿಂಗಳು ಫೋನ್ ಮಾಡಿ, ‘ಗುರುವಾರ ಮೂರನೇ ಅವಧಿ, ಭಿನ್ನರಾಶಿ. ಮಕ್ಕಳಿಗೆ ಸರಿಯಾಗಿ ಹೋಗ್ತಾ ಇಲ್ಲ. ಬಂದು ನೋಡ್ತೀರಾ ಮೇಡಂ?’ ಎಂದಳು. ಚೆನ್ನಾಗಿ ಆಗುವ ಪಾಠಕ್ಕೆ ಕರೆಯುವವರನ್ನು ಬಹಳ ಕಂಡಿದ್ದೇನೆ. ಆಗದ ಪಾಠಕ್ಕೆ ನನ್ನನ್ನು ಕರೆದವರಲ್ಲಿ ಇವಳೇ ಮೊದಲು. ಹೋಗಿ ಕೂತೆ. ಪಾಠ ಆಕೆ ಹೇಳಿದಂತೆಯೇ ಸರಿಯಾಗಿ ಹೋಗಲಿಲ್ಲ. ಮುಗಿದ ಮೇಲೆ ಶಾಲೆಯ ಮೆಟ್ಟಿಲ ಮೇಲೆ ಕೂತು ಮುಕ್ಕಾಲು ಗಂಟೆ ಮಾತಾಡಿದೆವು. ಪ್ರಶ್ನೆ ಕೇಳಿದವಳು ಹೆಚ್ಚಾಗಿ ಆಕೆಯೇ.

ಹೊಸ ಸಾಲಿನ ವೀಕ್ಷಣಾ ನಮೂನೆ ಮುದ್ರಣಕ್ಕೆ ಹೋಗುವುದು ಮುಂದಿನ ತಿಂಗಳು. ಅದಕ್ಕೆ ಮೊದಲು ಸಿಬ್ಬಂದಿ ಸಭೆಯಲ್ಲಿ ಈ ನಾಲ್ಕು ಅಂಶಗಳು ಚರ್ಚೆಗೆ ಬರಲಿ ಎಂದು ಕೋರುತ್ತೇನೆ. ಒಪ್ಪದವರು ಇದೇ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಬರೆಯಲಿ. ಪ್ರಶಿಕ್ಷಣಾರ್ಥಿಗಳೂ ಬರೆಯಲಿ. ಬರೆದದ್ದಕ್ಕೆ ಯಾರ ಆಂತರಿಕ ಅಂಕವೂ ಕಡಿಮೆಯಾಗದು ಎಂಬ ಭರವಸೆಯನ್ನು ನನ್ನ ಮಟ್ಟಿಗೆ ನಾನು ಕೊಡಬಲ್ಲೆ.